ಸಪ್ತರ್ಷಿಗಳು ಈಗ ಯಾವ ನಕ್ಷತ್ರದಲ್ಲಿದ್ದಾರೆ?



ಏಪ್ರಿಲ್ ತಿಂಗಳ ಕೊನೆಯಲ್ಲಿ ಅಥವಾ ಮೇ ತಿಂಗಳ ಮೊದಲ ವಾರಗಳಲ್ಲಿ, ಪರೀಕ್ಷೆಯ ಗಡಿಬಿಡಿ ಮುಗಿದ ಮೇಲೆ, ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ಮಹಡಿಯ ಮೇಲೋ ಊರ ಹೊರಗಿನ ಬಯಲಿನಲ್ಲೋ ಉತ್ತರಕ್ಕೆ ಮುಖ ಮಾಡಿ ನಿಲ್ಲಿರಿ. ದಿಗಂತಕ್ಕೂ ನೆತ್ತಿಗೂ ನಡುವೆ, ಸರಿಸುಮಾರು ಅರ್ಧ ಎತ್ತರದಲ್ಲಿ, ಏಳು ನಕ್ಷತ್ರಗಳು ದೊಡ್ಡದೊಂದು ಸೌಟನ್ನು ಬೋರಲು ಹಾಕಿದಂತೆ ಹರಡಿಕೊಂಡಿರುತ್ತವೆ. ಎಡಗಡೆ ನಾಲ್ಕು ನಕ್ಷತ್ರಗಳ ಬಟ್ಟಲು, ಬಲಗಡೆ ಮೂರು ನಕ್ಷತ್ರಗಳ ಬಾಗಿದ ಹಿಡಿ. ಇದೇ ಸಪ್ತರ್ಷಿಮಂಡಲ. ಪಟ್ಟಣದ ದೀಪಗಳ ನಡುವೆಯೂ ಸಾಮಾನ್ಯವಾಗಿ ಕಾಣುವಷ್ಟು ಪ್ರಕಾಶ ಇವಕ್ಕಿದೆ.

ಹೆಸರುಗಳನ್ನು ಒಮ್ಮೆ ಕಲಿತರೆ ಮರೆಯುವುದಿಲ್ಲ. ಬಟ್ಟಲಿನ ಎಡ ಅಂಚಿನಲ್ಲಿ ಕೆಳಗಿರುವುದು ಕ್ರತು, ಅದರ ಮೇಲಿರುವುದು ಪುಲಹ. ಬಲ ಅಂಚಿನಲ್ಲಿ ಮೇಲೆ ಪುಲಸ್ತ್ಯ, ಕೆಳಗೆ ಅತ್ರಿ. ಏಳರಲ್ಲಿ ಮಂಕಾದವನು ಅತ್ರಿಯೇ. ಅಲ್ಲಿಂದ ಹಿಡಿಯ ಗುಂಟ ಸಾಗಿದರೆ ಅಂಗಿರಸ, ವಸಿಷ್ಠ, ತುದಿಯಲ್ಲಿ ಮರೀಚಿ. ಪುಲಹದಿಂದ ಕ್ರತುವಿಗೆ ಒಂದು ಗೆರೆ ಎಳೆದು, ಅದೇ ದಿಕ್ಕಿನಲ್ಲಿ ಆ ಅಂತರದ ಐದರಷ್ಟು ಮುಂದುವರಿಸಿದರೆ ಒಂಟಿಯಾಗಿ ನಿಂತ ಧ್ರುವ ನಕ್ಷತ್ರ ಸಿಗುತ್ತದೆ. ಧ್ರುವ ಎಂದರೆ ಆಕಾಶದಲ್ಲೆಲ್ಲ ಹೆಚ್ಚು ಹೊಳೆಯುವ ನಕ್ಷತ್ರವೆಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ, ಅದು ಸಪ್ತರ್ಷಿಗಳಷ್ಟೇ ಸಾಧಾರಣ ನಕ್ಷತ್ರ. ಬೆಂಗಳೂರಿನಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿರುತ್ತದೆ, ಬೆಳಗಾವಿಯಲ್ಲಿ 16, ಬೀದರಿನಲ್ಲಿ 18. ನೀವಿರುವ ಊರಿನ ಅಕ್ಷಾಂಶ ಎಷ್ಟೋ ಧ್ರುವನ ಎತ್ತರವೂ ಅಷ್ಟೇ. ಕೈಯನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಇದೊಂದು ಅಳತೆಗೋಲು ಸಾಕು, ಬೇರೆ ಉಪಕರಣ ಬೇಡ. ಇನ್ನು ಹಿಡಿಯ ಬಾಗನ್ನೇ ಅನುಸರಿಸಿ ಬಲಕ್ಕೆ ಹೋದರೆ ಕಿತ್ತಳೆ ಬಣ್ಣದ ಸ್ವಾತಿ, ಅದೇ ಬಾಗಿನಲ್ಲಿ ಮತ್ತೂ ಮುಂದೆ ಹೋದರೆ ಚಿತ್ರಾ.

ಫೆಬ್ರವರಿಯ ಸಂಜೆ ಇದೇ ಸೌಟು ಈಶಾನ್ಯದಲ್ಲಿ ಹಿಡಿ ಕೆಳಗಾಗಿ ಏಳುತ್ತಿರುತ್ತದೆ, ಜುಲೈಯಲ್ಲಿ ವಾಯವ್ಯದಲ್ಲಿ ಬಟ್ಟಲು ಕೆಳಗಾಗಿ ಇಳಿಯುತ್ತಿರುತ್ತದೆ.

ಗುರುತಿಸುವ ವಿಷಯ ಇಷ್ಟೇ. ಇಷ್ಟನ್ನು ಐದು ನಿಮಿಷದ ಮಾತಿನಲ್ಲಿ ಹೇಳಬಹುದು, ತೆರೆಯ ಮೇಲೆ ನಕ್ಷೆಯನ್ನೂ ತೋರಿಸಬಹುದು. ಪುಟಗಳಲ್ಲಿ ಬಿಡುವಾಗಿ ಹೇಳಬೇಕಾದದ್ದು ಬೇರೆಯೇ ಒಂದು ಕಥೆ. ಈ ಏಳು ನಕ್ಷತ್ರಗಳನ್ನು ನಮ್ಮ ಪೂರ್ವಿಕರು ದಿಕ್ಕು ತಿಳಿಯಲಿಕ್ಕೆ ಮಾತ್ರ ಬಳಸಲಿಲ್ಲ, ಶತಮಾನಗಳನ್ನು ಎಣಿಸುವ ಗಡಿಯಾರವನ್ನಾಗಿಯೂ ಬಳಸಿದರು. ಆ ಗಡಿಯಾರವನ್ನು ನಂಬಿ ರಾಜರ ಕಾಲವನ್ನು ಬರೆದರು. ಅದು ನಿಜಕ್ಕೂ ನಡೆಯುತ್ತಿದೆಯೇ ಎಂದು ತಲೆಯೆತ್ತಿ ನೋಡಿದವರು ಯಾರು? ನೋಡಿದವರು ಏನು ಹೇಳಿದರು? ಭಾರತಯುದ್ಧ ಇಂಥ ವರ್ಷವೇ ನಡೆಯಿತೆಂದು ನಕ್ಷತ್ರಗಳ ಸಾಕ್ಷಿ ಕೊಡುವ ಪುಸ್ತಕಗಳೂ ಭಾಷಣಗಳೂ ನಿಮ್ಮ ಕೈಗೆ, ಕಿವಿಗೆ ಬರುತ್ತಲೇ ಇರುತ್ತವೆ. ಆದ್ದರಿಂದ ಈ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಹೆಸರಿನಿಂದ ಆರಂಭಿಸೋಣ. ಸಪ್ತರ್ಷಿಗಳಿಗೆ ಬಹು ಹಿಂದೆ ಋಷಿಗಳೆಂಬ ಹೆಸರು ಇರಲಿಲ್ಲ. ಋಗ್ವೇದದ ಮೊದಲ ಮಂಡಲದಲ್ಲಿ ವರುಣನನ್ನು ಸ್ತುತಿಸುವ ಒಂದು ಸೂಕ್ತವಿದೆ. ಎತ್ತರದಲ್ಲಿಟ್ಟ ಋಕ್ಷಗಳು ರಾತ್ರಿ ಕಾಣುತ್ತವೆ, ಹಗಲು ಎಲ್ಲಿಗೆ ಹೋಗುತ್ತವೆ ಎಂದು ಅಲ್ಲಿ ಕವಿ ಬೆರಗುಪಡುತ್ತಾನೆ. ಋಕ್ಷ ಎಂದರೆ ಕರಡಿ. ಜಾಂಬವಂತನನ್ನು ಋಕ್ಷರಾಜ ಎನ್ನುವುದು ನಿಮಗೆ ಗೊತ್ತೇ ಇದೆ. ಶತಪಥ ಬ್ರಾಹ್ಮಣ ಈ ಮಾತನ್ನು ಇನ್ನೂ ಸ್ಪಷ್ಟಪಡಿಸುತ್ತದೆ: ಸಪ್ತರ್ಷಿಗಳನ್ನು ಹಿಂದೆ ಋಕ್ಷಗಳೆಂದು ಕರೆಯುತ್ತಿದ್ದರು, ಕೃತ್ತಿಕೆಯರು ಅವರ ಹೆಂಡತಿಯರು, ಈಗ ಗಂಡಂದಿರು ಉತ್ತರದಲ್ಲಿ ಹುಟ್ಟುತ್ತಾರೆ, ಹೆಂಡತಿಯರು ಪೂರ್ವದಲ್ಲಿ ಹುಟ್ಟುತ್ತಾರೆ, ಹೀಗೆ ಅವರಿಗೆ ಅಗಲಿಕೆಯಾಗಿದೆ. ಯಜ್ಞದ ಅಗ್ನಿಯನ್ನು ಕೃತ್ತಿಕಾ ನಕ್ಷತ್ರದಲ್ಲಿ ಇಡಬಹುದೇ ಎಂಬ ಚರ್ಚೆಯ ನಡುವೆ ಬರುವ ಮಾತು ಇದು.

ಗ್ರೀಕರಿಗೂ ಅದು ಕರಡಿಯೇ. ಅವರ ಭಾಷೆಯ ಆರ್ಕ್ಟೋಸ್ ಎಂಬ ಪದವೂ ನಮ್ಮ ಋಕ್ಷವೂ ಒಂದೇ ಮೂಲದವು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಉತ್ತರ ಧ್ರುವಪ್ರದೇಶಕ್ಕೆ ಆರ್ಕ್ಟಿಕ್ ಎನ್ನುತ್ತೇವಲ್ಲ, ಅದು ಕರಡಿಯ ಕೆಳಗಿನ ನಾಡು ಎಂಬ ಅರ್ಥದಲ್ಲಿ ಬಂದ ಹೆಸರು. ಹಿಮದ ಮೇಲೆ ಓಡಾಡುವ ಬಿಳಿ ಕರಡಿಗೂ ಅದಕ್ಕೂ ಸಂಬಂಧವಿಲ್ಲ. ಚೀನೀಯರು ಮಾತ್ರ ನಮ್ಮ ಅಡುಗೆಮನೆಯ ಕಣ್ಣಿನಿಂದ ನೋಡಿದರೆನ್ನಬೇಕು. ಅವರು ಇದನ್ನು ಉತ್ತರದ ಸೌಟು ಎಂದೇ ಕರೆದರು.

ಹೋಮರನ ಓಡಿಸ್ಸಿ ಕಾವ್ಯದ ಐದನೆಯ ಭಾಗದಲ್ಲಿ ನಾಯಕ ಒಡಿಸ್ಯೂಸ್ ತೆಪ್ಪವೇರಿ ಕಡಲಿನಲ್ಲಿ ಒಬ್ಬನೇ ಹೊರಡುತ್ತಾನೆ. ಕರಡಿಯನ್ನು ಎಡಗೈ ಕಡೆಗೆ ಇಟ್ಟುಕೊಂಡು ಸಾಗು ಎಂದು ಕ್ಯಾಲಿಪ್ಸೋ ಅವನಿಗೆ ಹೇಳಿ ಕಳಿಸಿರುತ್ತಾಳೆ. ಉತ್ತರ ಎಡಕ್ಕಿದ್ದರೆ ಮುಖ ಪೂರ್ವಕ್ಕೆ, ಅಂದರೆ ಅವನ ಮನೆಯ ದಿಕ್ಕಿಗೆ. ಈ ಕರಡಿ ಎಂದೂ ಕಡಲಿನಲ್ಲಿ ಮೀಯುವುದಿಲ್ಲ, ಅಂದರೆ ಮುಳುಗುವುದಿಲ್ಲ ಎಂದೂ ಅಲ್ಲಿ ಹೇಳಿದೆ. ನಮ್ಮ ಕರ್ನಾಟಕದಿಂದ ನೋಡಿದರೆ ಈ ಮಾತು ಸುಳ್ಳು. ನಮಗೆ ಏಳೂ ನಕ್ಷತ್ರಗಳು ಹುಟ್ಟಿ ಮುಳುಗುತ್ತವೆ. ಗ್ರೀಸ್ ನಮಗಿಂತ ಬಹಳ ಉತ್ತರದಲ್ಲಿದೆ, ಅಲ್ಲಿ ಧ್ರುವ ಎತ್ತರದಲ್ಲಿರುತ್ತದೆ. ಆದ್ದರಿಂದ ಹೋಮರನ ಕಾಲಕ್ಕೆ ಅದು ನಿಜವಾಗಿತ್ತು. ಆದರೆ ಇಂದು ಅಥೆನ್ಸ್ ನಗರದ ಅಕ್ಷಾಂಶದಲ್ಲಿ ನಿಂತರೆ ಹಿಡಿಯ ತುದಿಯ ಮರೀಚಿ ದಿಗಂತದ ಕೆಳಗೆ ಇಳಿದು ಬರುತ್ತದೆ! ಕರಡಿಯ ಬಾಲದ ತುದಿ ನೀರು ಮುಟ್ಟಿದೆ.

ಕವಿ ತಪ್ಪು ಹೇಳಲಿಲ್ಲ, ಆಕಾಶವೇ ಬದಲಾಗಿದೆ. ಭೂಮಿಯ ಅಕ್ಷ ತಿರುಗುವ ಬುಗುರಿಯ ಹಾಗೆ ಓಲಾಡುತ್ತದೆ. ಒಂದು ಓಲಾಟಕ್ಕೆ ಸುಮಾರು 26,000 ವರ್ಷ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ತನ್ನ ಅಳತೆಗಳನ್ನು ಹಿಂದಿನವರ ಅಳತೆಗಳೊಡನೆ ಹೋಲಿಸಿ ಇದರ ಪರಿಣಾಮವನ್ನು ಕಂಡುಹಿಡಿದ. ನಮ್ಮವರು ಇದನ್ನು ಅಯನಚಲನೆ ಎಂದರು. ಈ ಓಲಾಟದಿಂದ ಧ್ರುವ ನಕ್ಷತ್ರವೂ ಬದಲಾಗುತ್ತದೆ. ಕ್ರಿ.ಪೂ. 2800ರ ಸುಮಾರಿಗೆ ಧ್ರುವಬಿಂದುವಿನ ಬಳಿ ಇದ್ದದ್ದು ಥೂಬಾನ್ ಎಂಬ ಮಂದ ನಕ್ಷತ್ರ. ಕ್ರಿ.ಶ. 500ರ ಸುಮಾರಿಗೆ ನಮ್ಮ ಇಂದಿನ ಧ್ರುವ ನಕ್ಷತ್ರ ಆ ಬಿಂದುವಿನಿಂದ ಸುಮಾರು 8 ಡಿಗ್ರಿ ದೂರವಿತ್ತು. ಮದುವೆಯಲ್ಲಿ ಧ್ರುವನನ್ನು ತೋರಿಸುವ ಪದ್ಧತಿ ಗೃಹ್ಯಸೂತ್ರಗಳಷ್ಟು ಹಳೆಯದು. ಆದರೆ ಅಂದಿನ ವಧುವರರು ನೋಡಿದ ಧ್ರುವ ಇಂದಿನ ಧ್ರುವನಲ್ಲ. ಮೈತ್ರಿ ಉಪನಿಷತ್ತಿನಲ್ಲಿ ಲೋಕದಲ್ಲಿ ಯಾವುದೂ ಸ್ಥಿರವಲ್ಲ ಎನ್ನಲು ಕೊಡುವ ಉದಾಹರಣೆಗಳಲ್ಲಿ ಧ್ರುವನೂ ಸರಿಯುತ್ತಾನೆ ಎಂಬುದು ಒಂದು. ಹೇಳಿದವರು ಕಂಡೇ ಹೇಳಿದರೋ ಉಪಮೆಗಾಗಿ ಹೇಳಿದರೋ, ಮಾತು ಮಾತ್ರ ನಿಜ.

ಮದುವೆಯ ಮಾತು ಬಂದದ್ದರಿಂದ ಅರುಂಧತಿಯನ್ನೂ ನೋಡಿಬಿಡೋಣ. ಹಿಡಿಯ ನಡುವಿನ ವಸಿಷ್ಠನನ್ನು ಎವೆಯಿಕ್ಕದೆ ನೋಡಿ. ಅವನ ಮಗ್ಗುಲಿಗೆ ಅಂಟಿಕೊಂಡಂತೆ ಸಣ್ಣ ನಕ್ಷತ್ರವೊಂದು ಕಾಣಬೇಕು. ಅವಳೇ ಅರುಂಧತಿ. ನಮ್ಮ ಮದುವೆಗಳಲ್ಲಿ ಪುರೋಹಿತರು ವಧುವರರನ್ನು ಹೊರಗೆ ಕರೆತಂದು ಆಕಾಶಕ್ಕೆ ಬೆರಳು ತೋರಿಸಿ “ಅರುಂಧತಿ ಕಂಡಳೇ?” ಎಂದು ಕೇಳುತ್ತಾರೆ. ಇಬ್ಬರೂ ತಲೆಯಾಡಿಸುತ್ತಾರೆ. ಎಷ್ಟೋ ಸಲ ಮಧ್ಯಾಹ್ನ ಹನ್ನೆರಡೂವರೆಯ ಬಿಸಿಲು! ಊಟದ ಎಲೆ ಹಾಕಿರುವಾಗ ರಾತ್ರಿಯವರೆಗೆ ಕಾಯುವವರು ಯಾರು? ಈ ನಕ್ಷತ್ರ ಶಾಸ್ತ್ರಗ್ರಂಥಗಳಲ್ಲಿ ಒಂದು ನ್ಯಾಯಕ್ಕೇ ಹೆಸರು ಕೊಟ್ಟಿದೆ. ಸೂಕ್ಷ್ಮವಾದದ್ದನ್ನು ತೋರಿಸಬೇಕಾದರೆ ಮೊದಲು ಅದರ ಪಕ್ಕದ ದೊಡ್ಡದನ್ನು ತೋರಿಸಿ, ಆಮೇಲೆ ಅದಲ್ಲ ಇದು ಎಂದು ಸರಿಸುತ್ತ ಹೋಗುವುದಕ್ಕೆ ಅರುಂಧತೀ ನ್ಯಾಯ ಎನ್ನುತ್ತಾರೆ. 1617ರಲ್ಲಿ ಬೆನೆದೆತ್ತೋ ಕಾಸ್ತೆಲ್ಲಿ ಎಂಬಾತ ತನ್ನ ಗುರು ಗೆಲಿಲಿಯೋಗೆ ಈ ವಸಿಷ್ಠನ ಕಡೆ ದೂರದರ್ಶಕವನ್ನು ತಿರುಗಿಸಿ ನೋಡುವಂತೆ ಸೂಚಿಸಿದ. ವಸಿಷ್ಠನೇ ಎರಡು ನಕ್ಷತ್ರವಾಗಿ ಕಂಡ. ದೂರದರ್ಶಕದಿಂದ ಜೋಡಿಯೆಂದು ಗೊತ್ತಾದ ಮೊದಲ ನಕ್ಷತ್ರಗಳಲ್ಲಿ ಅದು ಒಂದು. ನಿಮ್ಮ ಕಾಲೇಜಿನಲ್ಲಿ ಸಣ್ಣ ದೂರದರ್ಶಕ ಇದ್ದರೆ ನೀವೂ ನೋಡಬಹುದು.

ಈಗ ಗಡಿಯಾರದ ವಿಷಯಕ್ಕೆ ಬರುತ್ತೇನೆ. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಸಪ್ತರ್ಷಿಚಾರಕ್ಕೆಂದೇ ಒಂದು ಅಧ್ಯಾಯ ಬರೆದ. ವೃದ್ಧಗರ್ಗನ ಮತದಂತೆ ಹೇಳುತ್ತೇನೆ ಎಂದು ಮೊದಲೇ ತಿಳಿಸಿ ಮೂರು ಸಂಗತಿಗಳನ್ನು ಕೊಡುತ್ತಾನೆ. ಯುಧಿಷ್ಠಿರ ಆಳುತ್ತಿದ್ದಾಗ ಸಪ್ತರ್ಷಿಗಳು ಮಘಾ ನಕ್ಷತ್ರದಲ್ಲಿದ್ದರು. ಒಂದೊಂದು ನಕ್ಷತ್ರದಲ್ಲಿ ಅವರು ನೂರು ನೂರು ವರ್ಷ ಇರುತ್ತಾರೆ. ಶಕವರ್ಷಕ್ಕೆ 2526 ಕೂಡಿಸಿದರೆ ಯುಧಿಷ್ಠಿರನ ಕಾಲದಿಂದ ಕಳೆದ ವರ್ಷಗಳು ಸಿಗುತ್ತವೆ. ಲೆಕ್ಕ ಮಾಡಿ ನೋಡಿ: ಶಕ ಆರಂಭವಾದದ್ದು ಕ್ರಿ.ಶ. 78ರಲ್ಲಿ, ಆದ್ದರಿಂದ ಯುಧಿಷ್ಠಿರನ ಕಾಲ ಕ್ರಿ.ಪೂ. 2449ರ ಸುಮಾರಾಗುತ್ತದೆ. ನಕ್ಷತ್ರಗಳು ಇಪ್ಪತ್ತೇಳು, ಹಾಗಾಗಿ ಸಪ್ತರ್ಷಿಗಳು ಒಂದು ಸುತ್ತು ಬರಲು 2700 ವರ್ಷ. ವಿಷ್ಣುಪುರಾಣದಲ್ಲಿ ಈ ಗಡಿಯಾರವನ್ನು ಓದುವ ಕ್ರಮವೂ ಇದೆ. ಸಪ್ತರ್ಷಿಗಳಲ್ಲಿ ಮೊದಲು ಹುಟ್ಟುವ ಇಬ್ಬರನ್ನು ಹಿಡಿದು, ಅವರ ನೇರಕ್ಕೆ ಯಾವ ನಕ್ಷತ್ರವಿದೆಯೋ ಅದರಲ್ಲಿ ಸಪ್ತರ್ಷಿಗಳಿದ್ದಾರೆಂದು ತಿಳಿಯಬೇಕು. ಮೊದಲು ಹುಟ್ಟುವ ಇಬ್ಬರು ಎಂದರೆ ಕ್ರತು ಮತ್ತು ಪುಲಹ, ನಿಮಗೆ ಧ್ರುವನನ್ನು ತೋರಿಸಿಕೊಟ್ಟವರೇ.

ವರಾಹಮಿಹಿರನ ಕಾಲದಿಂದ ನೂರು ವರ್ಷದೊಳಗೆ ನಮ್ಮ ಐಹೊಳೆಗೆ ಬನ್ನಿ. ಮೇಗುಟಿ ಬೆಟ್ಟದ ಮೇಲಿನ ಜಿನಾಲಯದ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಇದೆ. ಬರೆದವನು ಕವಿ ರವಿಕೀರ್ತಿ. ಭಾರತಯುದ್ಧದಿಂದ 3735 ವರ್ಷ ಕಳೆದಿದೆ, ಶಕರಾಜರ ಕಾಲದ 556 ವರ್ಷ ಕಳೆದಿದೆ ಎಂದು ಅವನು ದಿನಾಂಕ ಹಾಕಿದ್ದಾನೆ. ಶಕ 556 ಎಂದರೆ ಕ್ರಿ.ಶ. 634. ಅದರಿಂದ ಹಿಂದಕ್ಕೆ ಎಣಿಸಿದರೆ ಯುದ್ಧ ನಡೆದದ್ದು ಕ್ರಿ.ಪೂ. 3102ರಲ್ಲಿ, ಅಂದರೆ ಕಲಿಯುಗ ಆರಂಭವಾಯಿತೆಂದು ಪಂಚಾಂಗಗಳು ಹೇಳುವ ವರ್ಷದಲ್ಲಿ. ಒಬ್ಬ ಉಜ್ಜಯಿನಿಯ ಕಡೆಯ ಜ್ಯೋತಿಷಿ, ಒಬ್ಬ ಬಾದಾಮಿ ಚಾಲುಕ್ಯರ ಕವಿ. ಇಬ್ಬರೂ ವಿದ್ವಾಂಸರು, ಕಾಲದಲ್ಲಿ ನೆರೆಹೊರೆಯವರು. ಆದರೂ ಅವರ ಯುಧಿಷ್ಠಿರರ ನಡುವೆ 653 ವರ್ಷಗಳ ಅಂತರ! ಕ್ರಿ.ಶ. ಏಳನೆಯ ಶತಮಾನಕ್ಕಾಗಲೇ ಭಾರತಯುದ್ಧದ ಕಾಲದ ಬಗ್ಗೆ ದೇಶದಲ್ಲಿ ಒಮ್ಮತವಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಐಹೊಳೆಯ ಶಾಸನದಿಂದ ಇತಿಹಾಸಕಾರನಿಗೆ ಸಿಗುವ ಬೆಲೆಬಾಳುವ ದಿನಾಂಕ 634ನೆಯ ಇಸವಿ. ಕ್ರಿ.ಪೂ. 3102 ಎಂಬುದು ಆ ಕಾಲದವರು ಏನನ್ನು ನಂಬಿದ್ದರು ಎಂಬುದಕ್ಕೆ ಮಾತ್ರ ಪುರಾವೆ.

ಈ 653 ಎಂಬ ಸಂಖ್ಯೆ ಕಾಶ್ಮೀರದಲ್ಲಿ ಮತ್ತೆ ಎದುರಾಗುತ್ತದೆ. 1148ರಲ್ಲಿ ರಾಜತರಂಗಿಣಿಯನ್ನು ಬರೆಯಲು ಕುಳಿತ ಕಲ್ಹಣ, ಭಾರತಯುದ್ಧ ದ್ವಾಪರದ ಕೊನೆಗೆ ನಡೆಯಿತು ಎಂಬ ಮಾತನ್ನು ನಂಬಿ ಹಿಂದಿನವರು ಲೆಕ್ಕ ತಪ್ಪಿದರು ಎನ್ನುತ್ತಾನೆ. ಬೃಹತ್ಸಂಹಿತೆಯ ಸಪ್ತರ್ಷಿ ಲೆಕ್ಕವನ್ನು ಹಿಡಿದು, ಕಲಿಯುಗದ 653 ವರ್ಷ ಕಳೆದ ಮೇಲೆ ಕೌರವ ಪಾಂಡವರಿದ್ದರು ಎಂದು ತೀರ್ಮಾನಿಸುತ್ತಾನೆ. ಅವನ ಕಾಶ್ಮೀರದ ಪ್ರಾಚೀನ ರಾಜರ ಪಟ್ಟಿಯ ತಳಹದಿಯೇ ಈ ವರ್ಷ. ಅಂದರೆ ನಮ್ಮ ದೇಶದ ಅತಿ ಪ್ರಸಿದ್ಧ ಇತಿಹಾಸಗ್ರಂಥದ ಮೊದಲ ಭಾಗ ನಿಂತಿರುವುದು ಸಪ್ತರ್ಷಿಗಳ ನಡಿಗೆಯ ಮೇಲೆ.

ಕಾಶ್ಮೀರಿಗಳು ದಿನಬಳಕೆಗೂ ಇದೇ ಗಡಿಯಾರದ ಹೆಸರಿನಲ್ಲಿ ವರ್ಷ ಎಣಿಸುತ್ತಿದ್ದರು. ಅದನ್ನು ಸಪ್ತರ್ಷಿ ಸಂವತ್ ಅಥವಾ ಲೌಕಿಕ ಸಂವತ್ ಎನ್ನುತ್ತಾರೆ. ಅದರ ಆರಂಭ ಕ್ರಿ.ಪೂ. 3076. ಈ ಸಂವತ್ತನ್ನು ಬರೆಯುವಾಗ ನೂರರ ಅಂಕಗಳನ್ನು ಬಿಟ್ಟುಬಿಡುವುದು ರೂಢಿ. 1998 ಎನ್ನಲು ನಾವು ಬರೀ 98 ಎಂದು ಬರೆಯುತ್ತಿದ್ದೆವಲ್ಲ, ಹಾಗೆ. ಕಲ್ಹಣನು ಬರೆಯತೊಡಗಿದ ಲೌಕಿಕ ವರ್ಷ 4224, ಆದರೆ ಅವನು ಹೇಳುವುದು ಇಪ್ಪತ್ತನಾಲ್ಕನೆಯ ವರ್ಷ ಎಂದಷ್ಟೇ. ಜೊತೆಗೆ ಶಕ 1070 ಎಂದು ಕೊಟ್ಟದ್ದರಿಂದ ನಾವು ಬದುಕಿದೆವು. ಶಕವನ್ನು ಕೊಡದೆ ಲೌಕಿಕ 24 ಎಂದಷ್ಟೇ ಬರೆದ ಹಸ್ತಪ್ರತಿಯೋ ಶಾಸನವೋ ಸಿಕ್ಕಿದರೆ ಇತಿಹಾಸಕಾರನ ಪಾಡೇನು? ಅದು 1048 ಇರಬಹುದು, 1148 ಇರಬಹುದು, 1248 ಇರಬಹುದು. ಲಿಪಿಯ ಸ್ವರೂಪ, ಒಳಗೆ ಬರುವ ರಾಜನ ಹೆಸರು ಇಂಥವುಗಳಿಂದ ಶತಮಾನವನ್ನು ಊಹಿಸಬೇಕು. ಜರ್ಮನಿಯ ವಿದ್ವಾಂಸ ಬ್ಯೂಲರ್ ಹಸ್ತಪ್ರತಿಗಳನ್ನು ಹುಡುಕುತ್ತ ಕಾಶ್ಮೀರಕ್ಕೆ ಹೋದಾಗ ಅಲ್ಲಿನ ಪಂಡಿತರು ಈ ಸಂವತ್ತನ್ನು ಇನ್ನೂ ಬಳಸುತ್ತಿದ್ದರು. ಅದರ ಆರಂಭವನ್ನು ಹೇಳುವ ಶ್ಲೋಕವನ್ನು ಅವರಿಂದಲೇ ಪಡೆದು ಅವನು 1877ರ ವರದಿಯಲ್ಲಿ ಪ್ರಕಟಿಸಿದ.

ಇಷ್ಟೆಲ್ಲ ಲೆಕ್ಕ ನಡೆದಾಗ, ಸಪ್ತರ್ಷಿಗಳು ನಿಜವಾಗಿ ನೂರು ವರ್ಷಕ್ಕೊಂದು ನಕ್ಷತ್ರದಂತೆ ಸರಿಯುತ್ತಿದ್ದಾರೆಯೇ ಎಂದು ನೋಡಿದವರಲ್ಲಿ ಅಲ್ ಬಿರೂನಿಯ ಹೆಸರನ್ನು ಮೊದಲು ಹೇಳಬೇಕು. ಘಜ್ನಿಯ ಮಹಮೂದನ ಕಾಲದಲ್ಲಿ ಭಾರತಕ್ಕೆ ಬಂದು, ಸಂಸ್ಕೃತ ಕಲಿತು, 1030ರ ಸುಮಾರಿಗೆ ನಮ್ಮ ವಿದ್ಯೆಗಳ ಬಗ್ಗೆ ದೊಡ್ಡ ಗ್ರಂಥ ಬರೆದವನು ಆತ. ಶಕ 951ರ, ಅಂದರೆ 1029ರ ಒಂದು ಕಾಶ್ಮೀರಿ ಪಂಚಾಂಗ ಅವನ ಕೈಗೆ ಬಂತು. ಸಪ್ತರ್ಷಿಗಳು ಅನೂರಾಧಾ ನಕ್ಷತ್ರಕ್ಕೆ ಬಂದು 77 ವರ್ಷವಾಯಿತು ಎಂದು ಅದರಲ್ಲಿ ಬರೆದಿತ್ತು. ಅವನು ಅದನ್ನು ಹಾಗೆಯೇ ನಕಲು ಮಾಡಿ ಸುಮ್ಮನಾಗಲಿಲ್ಲ. ಅನೂರಾಧಾ ಇರುವ ಜಾಗಕ್ಕೂ ಸಪ್ತರ್ಷಿಗಳಿರುವ ಜಾಗಕ್ಕೂ ಒಂದೂವರೆ ರಾಶಿಗಿಂತ ಹೆಚ್ಚು ಅಂತರವಿದೆಯಲ್ಲ ಎಂದು ತೋರಿಸಿದ.

ಅವನು ಪರದೇಶದವನು, ಹಾಗೆನ್ನುವುದು ಸುಲಭ ಎಂದೀರಿ. ಹಾಗಾದರೆ ಕಾಶಿಯ ಕಮಲಾಕರನನ್ನು ನೋಡಿ. 1658ರಲ್ಲಿ ಸಿದ್ಧಾಂತತತ್ತ್ವವಿವೇಕ ಎಂಬ ಗ್ರಂಥ ಬರೆದ ಈತ ಸಂಪ್ರದಾಯನಿಷ್ಠ, ಸೂರ್ಯಸಿದ್ಧಾಂತದ ಕಟ್ಟಾ ಅಭಿಮಾನಿ. ಸಮರಖಂಡದ ಉಲೂಗ್ ಬೇಗನ ಖಗೋಳವನ್ನೂ ಬಲ್ಲವನು. ಸಪ್ತರ್ಷಿಗಳ ಇಂಥ ಚಲನೆ ಆಕಾಶದಲ್ಲಿ ಕಾಣುವುದೇ ಇಲ್ಲ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಆದರೆ ಪುರಾಣಗಳೂ ಸಂಹಿತೆಗಳೂ ಹೇಳಿದ್ದನ್ನು ಸುಳ್ಳೆನ್ನುವುದು ಹೇಗೆ? ಅದಕ್ಕೆ ಅವನು ಹೂಡಿದ ಉಪಾಯ ಸೊಗಸಾಗಿದೆ. ನಾವು ಕಾಣುವ ಏಳು ನಕ್ಷತ್ರಗಳು ಚಲಿಸುವುದಿಲ್ಲ, ಅವು ಸ್ಥಿರ. ನೂರು ವರ್ಷಕ್ಕೊಂದು ನಕ್ಷತ್ರ ದಾಟುವವರು ನಿಜವಾದ ಋಷಿಗಳು, ಅವರು ಅದೃಶ್ಯ ದೇವತೆಗಳು, ಕಣ್ಣಿಗೆ ಕಾಣುವವರಲ್ಲ! ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯ ಕೋಲ್‌ಬ್ರೂಕ್ ಈ ಮಾತನ್ನು ಇಂಗ್ಲಿಷಿನಲ್ಲಿ ಎತ್ತಿ ಬರೆದ ಮೇಲೆ ವಿದ್ವಾಂಸರ ಗಮನ ಇದರ ಕಡೆ ಹೋಯಿತು. ಕಮಲಾಕರನನ್ನು ನೋಡಿ ನಗುವವರಿದ್ದಾರೆ. ನನಗೆ ಅವನ ಮೇಲೆ ಗೌರವವೇ ಹೆಚ್ಚು. ಕಣ್ಣು ಕಂಡದ್ದನ್ನು ಅವನು ಮುಚ್ಚಿಡಲಿಲ್ಲ. ನಕ್ಷತ್ರಗಳು ಸರಿದಿವೆ ಎಂದು ಸುಳ್ಳು ಅಳತೆ ಬರೆಯುವುದು ಅವನಿಗೆ ಕಷ್ಟವೇನಿರಲಿಲ್ಲ.

ಇಲ್ಲೇ ಇನ್ನೊಂದು ಮಾತು. ಮಹಾಭಾರತದ ಭೀಷ್ಮಪರ್ವದಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಅಪಶಕುನಗಳನ್ನು ಹೇಳುವಾಗ, ಅರುಂಧತಿ ವಸಿಷ್ಠನನ್ನು ಹಿಂದಕ್ಕೆ ಹಾಕಿ ನಡೆದಿದ್ದಾಳೆ ಎಂಬ ಮಾತು ಬರುತ್ತದೆ. ಇದನ್ನು ಕಣ್ಣಾರೆ ಕಂಡು ಬರೆದ ವೀಕ್ಷಣೆಯೆಂದು ತೆಗೆದುಕೊಂಡು ಯುದ್ಧದ ಕಾಲ ನಿರ್ಣಯಿಸಲು ಹೊರಟವರಿದ್ದಾರೆ. ಆದರೆ ಅದೇ ಪಟ್ಟಿಯಲ್ಲಿ ಹಸುಗಳ ಹೊಟ್ಟೆಯಲ್ಲಿ ಕತ್ತೆಗಳು ಹುಟ್ಟುತ್ತಿವೆ ಎಂಬ ಮಾತೂ ಇದೆ. ಒಂದು ಸಾಲನ್ನು ಖಗೋಳವೆಂದೂ ಪಕ್ಕದ ಸಾಲನ್ನು ಕವಿಸಮಯವೆಂದೂ ಓದಬೇಕಾದರೆ ಕಾರಣ ಹೇಳಬೇಕು. ಲೋಕದ ಮರ್ಯಾದೆಗಳೆಲ್ಲ ತಲೆಕೆಳಗಾದವು ಎಂದು ತೋರಿಸುವುದು ಆ ಪಟ್ಟಿಯ ಉದ್ದೇಶ.

ಹಾಗಾದರೆ ಸಪ್ತರ್ಷಿಗಳು ಒಂದಿಷ್ಟೂ ಚಲಿಸುವುದಿಲ್ಲವೇ? ಚಲಿಸುತ್ತವೆ. ನಕ್ಷತ್ರಗಳು ಒಂದಕ್ಕೊಂದು ಸ್ಥಿರವಲ್ಲ ಎಂಬುದನ್ನು ಮೊದಲು ತೋರಿಸಿದವನು ಎಡ್ಮಂಡ್ ಹ್ಯಾಲಿ. 1718ರಲ್ಲಿ ಪ್ರಾಚೀನ ಗ್ರೀಕರ ಅಳತೆಗಳೊಡನೆ ತನ್ನ ಕಾಲದ ಅಳತೆಗಳನ್ನು ಹೋಲಿಸಿ, ಸ್ವಾತಿಯೂ ಸೇರಿದಂತೆ ಕೆಲವು ನಕ್ಷತ್ರಗಳು ಜಾಗ ಬಿಟ್ಟಿರುವುದನ್ನು ಕಂಡ. 1869ರ ಸುಮಾರಿಗೆ ರಿಚರ್ಡ್ ಪ್ರಾಕ್ಟರ್ ಸಪ್ತರ್ಷಿಗಳಲ್ಲಿ ನಡುವಿನ ಐವರು, ಅಂದರೆ ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠರು, ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸಾಗುತ್ತಿರುವುದನ್ನು ಗಮನಿಸಿದ. ವಿಲಿಯಂ ಹಗಿನ್ಸ್ 1872ರಲ್ಲಿ ಅವುಗಳ ಬೆಳಕನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸಿ ಇದಕ್ಕೆ ಬೆಂಬಲ ಕೊಟ್ಟ. ಈ ಐದು ಒಂದೇ ಕುಟುಂಬದವು, ಒಟ್ಟಿಗೆ ಹುಟ್ಟಿದವು, ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿವೆ. ಎರಡು ತುದಿಗಳ ಕ್ರತು ಮತ್ತು ಮರೀಚಿ ಹೊರಗಿನವರು. ಯೂರೋಪಿನವರು 1989ರಲ್ಲಿ ಹಾರಿಸಿದ ಹಿಪ್ಪಾರ್ಕೋಸ್ ಉಪಗ್ರಹದ ಅಳತೆಗಳ ಪ್ರಕಾರ ಕ್ರತು ಸುಮಾರು 123, ಮರೀಚಿ ಸುಮಾರು 104 ಜ್ಯೋತಿರ್ವರ್ಷ ದೂರದಲ್ಲಿದ್ದಾರೆ. ಈ ಇಬ್ಬರು ಐವರ ಜೊತೆ ಸಾಗುತ್ತಿಲ್ಲ. ಹಾಗಾಗಿ ಲಕ್ಷ ವರ್ಷದ ಮೇಲೆ ಈ ಸೌಟಿನ ಆಕಾರ ಉಳಿಯುವುದಿಲ್ಲ.

ಆದರೆ ಈ ಚಲನೆ ಎಷ್ಟು? ಒಂದು ಡಿಗ್ರಿಯನ್ನು 3600 ವಿಕಲೆಗಳಾಗಿ ಭಾಗಿಸುತ್ತಾರೆ. ಪಂಚಾಂಗದ ಒಂದು ನಕ್ಷತ್ರದ ವ್ಯಾಪ್ತಿ 13 ಡಿಗ್ರಿ 20 ಕಲೆ, ಅಂದರೆ 48,000 ವಿಕಲೆ. ನೂರು ವರ್ಷದಲ್ಲಿ ಸಪ್ತರ್ಷಿಗಳು ಇಷ್ಟು ಸರಿಯಬೇಕಿತ್ತು. ನಿಜವಾಗಿ ಸರಿಯುವುದು ಒಂಬತ್ತರಿಂದ ಹದಿನಾಲ್ಕು ವಿಕಲೆ. ಅಯನಚಲನೆಯಿಂದ ಧ್ರುವಬಿಂದು ಸರಿಯುವುದರಿಂದ, ಆ ಬಿಂದುವಿನಿಂದ ಕ್ರತು ಪುಲಹರ ಮೂಲಕ ಎಳೆದ ಗೆರೆ ನಕ್ಷತ್ರಗಳ ನಡುವೆ ನಿಧಾನವಾಗಿ ಜರುಗುವುದು ನಿಜ. ಆದರೆ ಆ ಗೆರೆ ಒಂದು ನಕ್ಷತ್ರವನ್ನು ದಾಟಲು ಸಾವಿರ ವರ್ಷಕ್ಕಿಂತ ಹೆಚ್ಚೇ ಬೇಕು. ನೂರಕ್ಕೆ ಅದು ಹೊಂದುವುದಿಲ್ಲ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಅಲ್ ಬಿರೂನಿ ಕಂಡ ಪಂಚಾಂಗವೇ ನಿಮಗೆ ಪರೀಕ್ಷೆಯನ್ನು ಒದಗಿಸುತ್ತದೆ. 1029ಕ್ಕೆ 77 ವರ್ಷ ಹಿಂದೆ, ಅಂದರೆ 952ರಲ್ಲಿ ಸಪ್ತರ್ಷಿಗಳು ಅನೂರಾಧೆಗೆ ಬಂದರೆನ್ನಿ. ಅಲ್ಲಿಂದ ನೂರಕ್ಕೊಂದರಂತೆ ಎಣಿಸಿ: 1052ಕ್ಕೆ ಜ್ಯೇಷ್ಠಾ, 1152ಕ್ಕೆ ಮೂಲಾ, ಹೀಗೆ 1952ಕ್ಕೆ ರೇವತಿ. ಆ ಲೆಕ್ಕದಂತೆ 2052ರವರೆಗೂ ಅವರು ರೇವತಿಯಲ್ಲಿರಬೇಕು. ಮೊದಲು ಮೇ ತಿಂಗಳಲ್ಲಿ ಧ್ರುವನಿಂದ ಕ್ರತು, ಪುಲಹರ ಮೂಲಕ ಗೆರೆಯನ್ನು ಮೇಲಕ್ಕೆ ಎಳೆದುಕೊಂಡು ಹೋಗಿ. ಅದು ಸಿಂಹರಾಶಿಯನ್ನು ಅದರ ಬೆನ್ನಿನ ಹಿಂಭಾಗದಲ್ಲಿ, ಹುಬ್ಬಾ ನಕ್ಷತ್ರದ ಹತ್ತಿರ ಮುಟ್ಟುತ್ತದೆ. ನಿಮ್ಮ ಮನೆಯ ಹಿರಿಯರು ಹುಬ್ಬೆ ಮಳೆ ಎನ್ನುತ್ತಾರಲ್ಲ, ಅದೇ ಹುಬ್ಬೆ. ಆಮೇಲೆ ನವೆಂಬರ್ ಮಧ್ಯದಲ್ಲಿ ಒಂದು ರಾತ್ರಿ ಒಂಬತ್ತು ಗಂಟೆಗೆ ಮತ್ತೆ ಮಹಡಿ ಹತ್ತಿ. ಮೀನರಾಶಿಯ ಮಂದ ನಕ್ಷತ್ರಗಳ ನಡುವೆ ರೇವತಿ ಅಷ್ಟು ಹೊತ್ತಿಗೆ ನೆತ್ತಿಯ ಹತ್ತಿರ ಬಂದಿರುತ್ತದೆ. ಸಪ್ತರ್ಷಿಗಳು ರೇವತಿಯಲ್ಲಿದ್ದರೆ ಉತ್ತರದ ಆಕಾಶದಲ್ಲಿ ಅದರ ನೇರಕ್ಕೆ ಕಾಣಬೇಕು. ಅಲ್ಲಿ ಕಾಣುವುದು ಇಂಗ್ಲಿಷಿನ ‘ಎಂ’ ಅಕ್ಷರದಂತಿರುವ ಕಾಸಿಯೋಪಿಯ. ಸಪ್ತರ್ಷಿಗಳಲ್ಲಿ ಒಬ್ಬರೂ ದಿಗಂತದ ಮೇಲೆ ಇರುವುದಿಲ್ಲ. ನಡುರಾತ್ರಿಯ ಹೊತ್ತಿಗೆ ಈಶಾನ್ಯದಲ್ಲಿ ಕ್ರತು ಮೊದಲು ತಲೆಯೆತ್ತುತ್ತಾನೆ, ಒಬ್ಬೊಬ್ಬರಾಗಿ ಉಳಿದವರು ಬರುತ್ತಾರೆ. ಮರೀಚಿಯನ್ನೂ ನೋಡಿಯೇ ಮಲಗುತ್ತೇವೆ ಎನ್ನುವವರು ಬೆಳಗಿನ ಜಾವ ನಾಲ್ಕರವರೆಗೆ ಕಂಬಳಿ ಹೊದ್ದು ಕೂರಬೇಕಾಗುತ್ತದೆ.